ಚುಕ್ಕೆ ಬಂದರೆ ಪಾಸು

ಮಗ ಸ್ವಿಚ್ಚಿನ ಫ್ಯಾಕ್ಟರಿಯಲ್ಲಿದ್ದಾನೆ ಎಂದು ನಮ್ಮತ್ತೆ ಊರೆಲ್ಲ ಸಾರಿದ ಮೇಲೆ ನಮ್ಮ ಮನೆಗೆ ಕೆಟ್ಟ ಫ್ಯಾನ್ ರೆಗ್ಯುಲೇಟರು, ಸುಟ್ಟ ಪ್ಲಗ್ಗು, ಒಮ್ಮೆ ಯಾರದೋ ಬೋರ್‌ವೆಲ್ಲಿನ ಸ್ಟಾರ್ಟರು ಕೂಡ ಬಂದಿತ್ತು. ನಮ್ಮ ಮನೆಯವರು ಯಾರಿಗೂ ಆಗಲ್ಲ ಎನ್ನುತ್ತಿರಲಿಲ್ಲ. ಭಾನುವಾರ ಜಗಲಿಯ ಮೇಲೆ ಕೂತು, ಬಿಚ್ಚಿ, ಕೈಲಾದಷ್ಟು ಸರಿಮಾಡಿ ಕೊಡುತ್ತಿದ್ದರು. ಅವರು ಫ್ಯಾಕ್ಟರಿಯಲ್ಲಿ ನೋಡುವುದು ಇಂಥ ಸ್ವಿಚ್ಚಲ್ಲ ಎಂದು ನಾನು ಬಿಡಿಸಿ ಹೇಳಲು ಹೋದರೆ ಅತ್ತೆ, "ಯಾವ್ದಾದ್ರೇನವ್ವಾ, ಕರೆಂಟ್ ತಾನೆ ಹರಿಯೋದು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅವರು ನೋಡುತ್ತಿದ್ದುದು ನೆಟ್‌ವರ್ಕ್ ಸ್ವಿಚ್ಚು. ಆಫೀಸು, ಆಸ್ಪತ್ರೆ, ಕಾಲೇಜುಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ಚಪ್ಪಟೆಯಾಗಿ, ಉದ್ದಕ್ಕೆ ಇರುತ್ತದೆ. ಮುಂದುಗಡೆ ಸಾಲಾಗಿ ಕೇಬಲ್ ಸಿಕ್ಕಿಸುವ ಪೋರ್ಟುಗಳು, ಹಿಂದೆ ಫ್ಯಾನು. ದಾಬಸ್‌ಪೇಟೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಘಟಕಕ್ಕೆ ಇಂಥ ಹಳೆಯ ಸ್ವಿಚ್ಚುಗಳು ಲಾರಿಯಲ್ಲಿ ಬರುತ್ತಿದ್ದವು. ಧೂಳು ಊದಿ, ಪರೀಕ್ಷೆ ಮಾಡಿ, ಚೆನ್ನಾಗಿರುವುದನ್ನು ಮತ್ತೆ ಮಾರಾಟಕ್ಕೆ ಕಳಿಸುವುದು, ಕೆಟ್ಟದ್ದನ್ನು ಗುಜರಿಗೆ ಹಾಕುವುದು. ನಾನು ಪ್ಯಾಕಿಂಗಿನಲ್ಲಿದ್ದೆ. ಅವರು ಟೆಸ್ಟಿಂಗ್ ಬೆಂಚಿನಲ್ಲಿದ್ದರು. ಯಾವುದು ನನ್ನ ಕೈಗೆ ಬರಬೇಕು, ಯಾವುದು ಗುಜರಿಗೆ ಹೋಗಬೇಕು ಎನ್ನುವ ತೀರ್ಮಾನ ಅವರದು.

ಆ ಬೆಂಚಿನಲ್ಲಿ ಇಲಿಗೂ ಕೆಲಸವಿಲ್ಲ, ಅಂದರೆ ಮೌಸಿಗೆ. ಎಲ್ಲ ಕೀಬೋರ್ಡಿನಲ್ಲೇ. ಸ್ವಿಚ್ಚಿನಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್ ಹಾಕುತ್ತಾರೆ, ಕರಿ ಪರದೆ ತೆರೆದುಕೊಳ್ಳುತ್ತದೆ, ಅದರಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕು. ಫ್ಯಾನು ತಿರುಗುತ್ತಿದೆಯೇ, ಒಳಗೆ ಬಿಸಿ ಎಷ್ಟಿದೆ, ಮೆಮೊರಿ ಸರಿಯಿದೆಯೇ, ಒಂದೊಂದು ಪೋರ್ಟೂ ಕಳಿಸಿದ್ದನ್ನು ಹಾಗೇ ವಾಪಸು ಪಡೆಯುತ್ತಿದೆಯೇ ಎಂದು ಸ್ವಿಚ್ಚನ್ನೇ ಕೇಳಬೇಕು. ಅದು ತನ್ನನ್ನು ತಾನು ಪರೀಕ್ಷೆ ಮಾಡಿಕೊಂಡು ಉತ್ತರ ಹೇಳುತ್ತದೆ. ನಮ್ಮವರು ಡಿಪ್ಲೊಮಾ ಮುಗಿಸಿದಾಗಿನಿಂದ ಮಾಡಿದ್ದು ಅದೊಂದೇ ಕೆಲಸ. ಅವರ ಬೆರಳುಗಳು ಕೀಗಳ ಮೇಲೆ ಓಡುವಾಗ ನಮ್ಮ ಪ್ಯಾಕಿಂಗಿನ ಹೆಂಗಸರು "ನಿನ್ ಗಂಡ ಹಾರ್ಮೋನಿಯಂ ಬಾರಿಸ್ತಾವ್ರೆ ನೋಡೇ" ಎಂದು ನನ್ನನ್ನು ರೇಗಿಸುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಹೊರಗೆ ಮಾತ್ರ ಮೂತಿ ತಿರುವುತ್ತಿದ್ದೆ.

ಸಾಸಲು ಕಡೆಯ ನಮ್ಮೂರಿನಿಂದ ಬೆಳಗ್ಗೆ ಇಬ್ಬರೂ ಬೈಕಿನಲ್ಲಿ ಹೊರಟು, ದಾಬಸ್‌ಪೇಟೆಯ ಸರ್ಕಲ್ಲಿನ ಹತ್ತಿರ ಒಂದು ಹೋಟೆಲಿನಲ್ಲಿ ಟೀ ಕುಡಿದು ಕೆಲಸಕ್ಕೆ ಹೋಗುವುದು ನಮ್ಮ ರೂಢಿ. ಅಲ್ಲಿ ಒಂದೇ ದಿನಪತ್ರಿಕೆಯನ್ನು ಹಾಳೆ ಹಾಳೆಯಾಗಿ ಬಿಡಿಸಿ ಎಲ್ಲರೂ ಹಂಚಿಕೊಂಡು ಓದುತ್ತಾರೆ. ಆ ದಿನ ಮನೆಯಿಂದ ಹೊರಡುವಾಗಲೇ ಅವರು ಬೈಕನ್ನು ಗೇಟಿನ ಬಲಗಡೆಯ ಕಂಬಕ್ಕೆ ಉಜ್ಜಿಸಿಬಿಟ್ಟಿದ್ದರು. "ಕಣ್ಣು ಮನೇಲಿಟ್ಟು ಬಂದ್ರಾ?" ಎಂದು ಬೈದಿದ್ದೆ. ತಲೆ ಸ್ವಲ್ಪ ಭಾರವಾಗಿದೆ ಎಂದಷ್ಟೇ ಹೇಳಿದರು.

ಹೋಟೆಲಿನಲ್ಲಿ ಕೈಗೆ ಸಿಕ್ಕ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೋಟೆಲಿನವರನ್ನು ಕೂಗಿದರು.

"ಏನಪ್ಪಾ, ತೆಲುಗು ಪೇಪರ್ ತರ್ಸೋಕೆ ಶುರು ಮಾಡ್ಬಿಟ್ಟಿದ್ದೀಯ?"

ಹೋಟೆಲಿನವರು ನಕ್ಕರು. ನಾನೂ ನಕ್ಕೆ. ನಮ್ಮವರು ತಲೆಯೆತ್ತಿ ಗೋಡೆಯ ಮೇಲಿನ ತಿಂಡಿಯ ಬೋರ್ಡನ್ನು ನೋಡಿದರು. ಇಡ್ಲಿ, ವಡೆ, ರೈಸ್‌ಬಾತ್ ಎಂದು ವರ್ಷಗಳಿಂದ ಅಲ್ಲೇ ಇರುವ ಬೋರ್ಡು.

"ಬೋರ್ಡೂ ತೆಲುಗಲ್ಲೇ ಬರ್ಸಿದ್ದೀಯಲ್ಲ ಗುರು" ಎಂದರು. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಅವರ ಮುಖ ನೋಡಿದೆ. ಬೋರ್ಡಿನಿಂದ ಪೇಪರಿಗೆ, ಪೇಪರಿನಿಂದ ನನ್ನ ಕಡೆಗೆ ಕಣ್ಣು ಹೊರಳಿಸುತ್ತಿದ್ದರು. ಹೆದರಿದ್ದರು. ಅವರು ಹಾಗೆ ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹೋಟೆಲಿನವರೇ ಆಟೋ ಕರೆಸಿದರು. ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಬೆಂಗಳೂರು. ಮೆದುಳಿನ ಹಿಂಭಾಗದ ಒಂದು ಜಾಗಕ್ಕೆ ರಕ್ತ ಹೋಗುವುದು ನಿಂತಿತ್ತಂತೆ. ಕೈಕಾಲು ಬೀಳಲಿಲ್ಲ, ಮಾತು ನಿಲ್ಲಲಿಲ್ಲ. ನೋಡಲು ಬಂದವರೆಲ್ಲ "ದೇವ್ರು ದೊಡ್ಡೋನು, ಏನೂ ಆಗ್ಲಿಲ್ಲ" ಎಂದು ಹೇಳಿ ಸೇಬು ಕೊಟ್ಟು ಹೋದರು. ಏನಾಗಿತ್ತು ಎಂದು ನನಗೂ ಸರಿಯಾಗಿ ಗೊತ್ತಾದದ್ದು ಡಾಕ್ಟರಮ್ಮ ನಮ್ಮವರ ಕೈಗೆ ಕಾಗದ, ಪೆನ್ನು ಕೊಟ್ಟ ದಿನ.

"ನಿಮ್ಮ ಹೆಸರು, ಊರು ಬರೀರಿ" ಎಂದರು ಡಾಕ್ಟರಮ್ಮ. ನಮ್ಮವರು ಬರೆದರು. ದುಂಡಗಿನ ಅಕ್ಷರ, ಮೊದಲಿನ ಹಾಗೆಯೇ. ನನಗೆ ಜೀವ ಬಂತು. ಡಾಕ್ಟರಮ್ಮ ಆ ಕಾಗದವನ್ನು ತೆಗೆದುಕೊಂಡು, ಬೇರೆ ಏನೇನೋ ಮಾತಾಡಿ, ಸ್ವಲ್ಪ ಹೊತ್ತಾದ ಮೇಲೆ ಅದನ್ನೇ ಅವರ ಮುಂದೆ ಹಿಡಿದರು. "ಇದನ್ನ ಓದಿ."

ಅವರು ತುಂಬ ಹೊತ್ತು ನೋಡಿದರು. ಕಾಗದವನ್ನು ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ "ಇದು ಯಾರು ಬರ್ದಿದ್ದು ಮೇಡಂ?" ಎಂದು ಕೇಳಿದರು.

ಬರೆಯುವುದು ಉಳಿದಿದೆ, ಓದುವುದು ಹೋಗಿದೆ ಎಂದು ಡಾಕ್ಟರಮ್ಮ ವಿವರಿಸಿದರು. ಬಲಗಡೆಯ ನೋಟವೂ ಅರ್ಧ ಹೋಗಿದೆ, ಅದಕ್ಕೇ ಗೇಟಿನ ಕಂಬ ಕಾಣಲಿಲ್ಲ. ಇನ್ನು ಬೈಕ್ ಓಡಿಸುವ ಹಾಗಿಲ್ಲ. ಕನ್ನಡವಾಗಲಿ ಇಂಗ್ಲಿಷಾಗಲಿ, ಅಕ್ಷರ ಕಣ್ಣಿಗೆ ಕಾಣುತ್ತದೆ, ಆದರೆ ಅದೇನೆಂದು ಗೊತ್ತಾಗುವುದಿಲ್ಲ. ಕೆಲವರು ಅಭ್ಯಾಸ ಮಾಡಿ ಒಂದೊಂದೇ ಅಕ್ಷರವನ್ನು ಗುರುತಿಸುವಷ್ಟಾಗುತ್ತಾರೆ. ಕಣ್ಣು ಮರೆತದ್ದನ್ನು ಕೈ ಮರೆತಿರುವುದಿಲ್ಲ, ಅಕ್ಷರದ ಮೇಲೆ ಬೆರಳಾಡಿಸಿದರೆ ಹೊಳೆಯಬಹುದು, ಪ್ರಯತ್ನಪಡಿ ಎಂದರು. ನಾನು ತಲೆಯಾಡಿಸಿದೆ. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ಬರೆಯಬಲ್ಲ ಮನುಷ್ಯನಿಗೆ ತಾನು ಬರೆದದ್ದನ್ನು ಓದಲು ಬರುವುದಿಲ್ಲ ಎಂದರೆ ಇದು ಎಂಥ ನ್ಯಾಯ ಎಂದು ಕೋಪವೂ ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ತೋಚುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಊರಿನವರಿಗೆ ಇದನ್ನು ತಿಳಿಸಿ ಹೇಳುವುದು ದೊಡ್ಡ ಕಷ್ಟವಾಯಿತು. ಕನ್ನಡಕ ಬದಲಾಯಿಸಿ ಎಂದವರೂ ಇದ್ದರು. ನಾಟಕ ಎಂದವರೂ ಇದ್ದರು, ನನ್ನ ಕಿವಿಗೆ ಬಿತ್ತು. ನಮ್ಮವರು ಜಗಲಿಯ ಮೇಲೆ ಕೂತಿರುತ್ತಿದ್ದರು. ಮೊಬೈಲಿಗೆ ಮೆಸೇಜು ಬಂದರೆ ನನ್ನ ಕೈಗೆ ಕೊಡುತ್ತಿದ್ದರು. "ಇನ್ಮೇಲೆ ನಿಮ್ಮ ಗುಟ್ಟೆಲ್ಲ ನನ್ನ ಕೈಲಿ ಕಣ್ರೀ" ಎಂದು ಒಮ್ಮೆ ರೇಗಿಸಿದೆ. ನಗಲಿಲ್ಲ. ಬಸ್ಸಿನ ಬೋರ್ಡು, ಮಾತ್ರೆಯ ಹೆಸರು, ಮದುವೆಯ ಕರೆಯೋಲೆ, ಎಲ್ಲಕ್ಕೂ ನಾನು ಬೇಕಿತ್ತು. ಅವರಿಗೆ ಅದೆಲ್ಲ ಹೋಗಲಿ ಎನಿಸುತ್ತಿತ್ತೇನೋ. ಅವರು ಕೇಳುತ್ತಿದ್ದುದು ಒಂದೇ: "ಬೆಂಚಲ್ಲಿ ಯಾರು ಕೂತವ್ರೆ?"

ಯಾರೂ ಕೂತಿರಲಿಲ್ಲ. ನಮ್ಮ ಮ್ಯಾನೇಜರು ಮನೆಗೇ ಬಂದು ಹೇಳಿದ್ದರು. ಅವರದು ಒಳ್ಳೆಯ ಮನಸ್ಸು. "ಹಳೇ ಸ್ವಿಚ್ಚಿನ ದೊಡ್ಡ ಲಾಟ್ ಬರೋದು ದೀಪಾವಳಿ ಆದ್ಮೇಲೆ. ಅಲ್ಲೀತನಕ ನಾನೇ ಹೆಂಗೋ ಸುಧಾರಿಸ್ತೀನಿ. ಬಂದು ಒಂದ್ಸಲ ಮಾಡಿ ತೋರ್ಸಿ. ಆಯ್ತು ಅಂದ್ರೆ ಬೆಂಚು ನಿಮ್ದೇ. ಆಗ್ಲಿಲ್ಲ ಅಂದ್ರೆ ಏಜೆನ್ಸಿಯಿಂದ ಬೇರೆಯವ್ರನ್ನ ಕೂರಿಸ್ಬೇಕಾಗುತ್ತೆ, ಬೇಜಾರ್ ಮಾಡ್ಕೋಬಾರ್ದು" ಎಂದರು. ನಾನು ಅವರನ್ನು ಗೇಟಿನವರೆಗೆ ಬಿಡಲು ಹೋಗಿ, ಗುಜರಿಗೆ ಹಾಕಿದ ಒಂದು ಸ್ವಿಚ್ಚು, ಕೇಬಲ್ಲು, ಹಳೆಯ ಲ್ಯಾಪ್‌ಟಾಪು ಸಿಗುತ್ತದೆಯೇ ಎಂದು ಕೇಳಿದೆ. ಮಾರನೇ ದಿನ, ನಾನು ಈಗ ಕೆಲಸಕ್ಕೆ ಓಡಾಡುತ್ತಿದ್ದ ಕಂಪನಿ ವ್ಯಾನಿನಲ್ಲಿ ನನ್ನ ಜೊತೆಯಲ್ಲೇ ಕಳಿಸಿದರು.

ಅದನ್ನು ನಡುಮನೆಯಲ್ಲಿ ಒಂದು ಮಣೆಯ ಮೇಲಿಟ್ಟೆವು. ಅದರ ಫ್ಯಾನಿನ ಸದ್ದಿಗೆ ಕೊಟ್ಟಿಗೆಯ ಹಸು ಎದ್ದು ನಿಂತಿತು. ಅವರು ಕೇಬಲ್ ಸಿಕ್ಕಿಸಿ, ಚಕ್ಕಳಮಕ್ಕಳ ಹಾಕಿ ಕೂತು, ಕೀಗಳ ಮೇಲೆ ಬೆರಳಿಟ್ಟರು. ಬೆರಳುಗಳು ಓಡಿದವು. ಎಲ್ಲೂ ನಿಲ್ಲಲಿಲ್ಲ, ಒಂದಕ್ಷರ ತಪ್ಪಲಿಲ್ಲ. ಪರೀಕ್ಷೆ ಶುರುಮಾಡುವ ಆಜ್ಞೆ ಕೊಟ್ಟಾಗ, ಈ ಪರೀಕ್ಷೆ ನಡೆಯುವಾಗ ಸ್ವಿಚ್ಚಿನ ಕೆಲಸವೆಲ್ಲ ನಿಂತುಹೋಗುತ್ತದೆ, ಮುಂದುವರಿಸಲೇ ಎಂದು ಅದು ಕೇಳುತ್ತದೆ. ಅವರಿಗೆ ಅದನ್ನು ಓದಬೇಕಾಗಿರಲಿಲ್ಲ. ಎಷ್ಟು ಹೊತ್ತಿಗೆ ಆ ಪ್ರಶ್ನೆ ಬರುತ್ತದೆಂದು ಕೈಗೆ ಗೊತ್ತಿತ್ತು, ಹೂಂ ಎನ್ನುವ ಕೀ ಒತ್ತಿದರು. ನಾನು ಕುಣಿಯುವುದೊಂದು ಬಾಕಿ.

ಪರೀಕ್ಷೆ ಮುಗಿದು ಫಲಿತಾಂಶ ಪರದೆಯ ತುಂಬ ಬಂತು. ಅವರು ಅದನ್ನು ನೋಡುತ್ತ ಕೂತರು.

"ಏನ್ ಬಂತು?" ಎಂದರು.

ನಾನು ಪಕ್ಕದಲ್ಲಿ ಕೂತು ಪರದೆಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಹೆದರಿದಷ್ಟು ಕಷ್ಟವಿರಲಿಲ್ಲ. ಪರೀಕ್ಷೆಯ ಹೆಸರು, ಅದರ ಕೆಳಗೆ ಪೋರ್ಟುಗಳ ಸಾಲು, ಒಂದೊಂದು ಪೋರ್ಟಿಗೂ ಒಂದೊಂದು ಗುರುತು. ಗುರುತುಗಳ ಅರ್ಥವನ್ನೂ ಮೇಲೆಯೇ ಬರೆದಿತ್ತು. ಚುಕ್ಕೆ ಬಂದರೆ ಪಾಸು. ಇಂಗ್ಲಿಷಿನ ಎಫ್ ಬಂದರೆ ಫೇಲು. ಯು ಬಂದರೆ ಇನ್ನೂ ಪರೀಕ್ಷೆ ಆಗಿಲ್ಲ ಎಂದು. ಸ್ವಿಚ್ಚಿನ ನಂಬರನ್ನು ಸ್ಕ್ಯಾನರು ಓದಿಕೊಳ್ಳುತ್ತದೆ. ರಿಪೋರ್ಟನ್ನು ಟೈಪ್ ಮಾಡುವುದು ಅವರಿಗೆ ಬರುತ್ತದೆ. ಹಾಗಾದರೆ ಪಾಸೋ ಫೇಲೋ ಹೇಳಲು ಅವರು ಓದಬೇಕಾದದ್ದು ಈ ಮೂರು ಗುರುತುಗಳನ್ನು ಮಾತ್ರ ತಾನೇ? ಚುಕ್ಕೆ, ಎಫ್, ಯು. ಇಡೀ ಪೇಪರ್ ಬೇಡ, ಮೂರೇ ಮೂರು. ನನಗೆ ಆ ಸಂಜೆ ಹಸಿವೇ ಆಗಲಿಲ್ಲ, ಅಷ್ಟು ಆಸೆ ಹುಟ್ಟಿಬಿಟ್ಟಿತು.

ಬೆರಳಾಡಿಸುವ ಅಭ್ಯಾಸಕ್ಕೆ ಅತ್ತೆ ಮೊರದಲ್ಲಿ ರಾಗಿ ಹರಡಿಕೊಂಡು ಬಂದರು. ಮಗನನ್ನು ಸ್ಕೂಲಿಗೆ ಸೇರಿಸುವ ಮೊದಲು ಅಕ್ಕಿಯ ತಟ್ಟೆಯಲ್ಲಿ ಅಕ್ಷರ ತಿದ್ದಿಸಿದ್ದರಂತೆ. ಅತ್ತೆಗೆ ಓದುಬರಹ ಬಾರದು, ಐನೋರು ಬೆರಳು ಹಿಡಿದು ಬರೆಸಿದ್ದು ನೆನಪಿತ್ತು. ಈಗ ಮೊರವನ್ನು ಮಗನ ಮುಂದಿಟ್ಟು, "ಮೊದ್ಲು ಶ್ರೀ ಬರ್ಸು" ಎಂದು ನನಗೆ ಹೇಳಿದರು.

"ಶ್ರೀ ಬೇಡ ಅತ್ತೆ, ಎಫ್ ಬರ್ಬೇಕು" ಎಂದೆ.

"ದೇವ್ರನ್ನ ಬಿಟ್ಟು ಎಫ್ ತಿದ್ದುಸ್ತೀಯಾ? ಅದೇನ್ ವಿದ್ಯೆನೇ ತಾಯಿ?"

"ಅದೇ ಅನ್ನ ಹಾಕೋ ವಿದ್ಯೆ, ಸುಮ್ನಿರಿ" ಎಂದು ನಾನು ಸಿಡುಕಿದೆ. ನಮ್ಮಿಬ್ಬರ ಮಧ್ಯೆ ಕೂತಿದ್ದವರು ಎಷ್ಟೋ ದಿನಗಳ ಮೇಲೆ ನಕ್ಕರು. ಕೊನೆಗೆ ಅತ್ತೆಯ ಮಾತಿನಂತೆ ಶ್ರೀ ಬರೆಸಿ, ಅದನ್ನು ಅಳಿಸಿ, ಎಫ್ ಬರೆಸಿದೆ. ನಾನು ಬರೆದ ಅಕ್ಷರವನ್ನು ಅವರು ಸುಮ್ಮನೆ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಅದರ ಗೆರೆಯಲ್ಲೇ ಬೆರಳು ಎಳೆದರೆ, ಕೆಳಗೆ ಬಂದು, ಮತ್ತೆ ಮೇಲೆ ಹೋಗಿ, ಅಡ್ಡ ಗೆರೆ ಮುಗಿಸುವಷ್ಟರಲ್ಲಿ ಮುಖ ಬದಲಾಗುತ್ತಿತ್ತು. "ಎಫ್" ಎನ್ನುತ್ತಿದ್ದರು, ಯಾರೋ ಬಹಳ ದಿನದ ಮೇಲೆ ಸಿಕ್ಕವರನ್ನು ಗುರುತು ಹಿಡಿದಂತೆ.

ಆಮೇಲಿನ ಸಂಜೆಗಳೆಲ್ಲ ಹೀಗೇ ಕಳೆದವು. ನಾನು ವ್ಯಾನಿನಿಂದ ಇಳಿದು ಬರುವಷ್ಟರಲ್ಲಿ ಅವರು ಸ್ವಿಚ್ಚಿನ ಮುಂದೆ ಕೂತಿರುತ್ತಿದ್ದರು. ಅತ್ತೆ ಹಾಲು ಕರೆದು ಡೇರಿಗೆ ಹಾಕಿ ಬರುತ್ತಿದ್ದರು. ನಾನು ಮುದ್ದೆಗೆ ಎಸರಿಟ್ಟು ಬಂದು ಅವರ ಪಕ್ಕ ಕೂರುತ್ತಿದ್ದೆ. ಫ್ಯಾನು, ಬಿಸಿ, ಪವರ್ ಸಪ್ಲೈ, ಅವರು ಕೇಳಿದ್ದನ್ನೆಲ್ಲ ನಾನು ಓದಿ ಹೇಳುತ್ತಿದ್ದೆ. ಅವರು ಅದರ ಅರ್ಥ ಬಿಡಿಸುತ್ತಿದ್ದರು. "ಎಫ್ ಬಂದ್ಬಿಡ್ತು ಅಂತ ತಕ್ಷಣ ಗುಜರಿಗೆ ಎಸೀಬಾರ್ದು ಕಣೇ. ಆಫ್ ಮಾಡಿ, ಆರಕ್ಕೆ ಬಿಟ್ಟು, ಇನ್ನೊಂದ್ಸಲ ಓಡಿಸ್ಬೇಕು. ಎರಡ್ನೇ ಸಲಾನೂ ಎಫ್ ಬಂದ್ರೆ ಮಾತ್ರ ಫೇಲು" ಎನ್ನುತ್ತಿದ್ದರು. ಯು ಎಂದರೆ ಕೆಟ್ಟಿದೆ ಎಂದಲ್ಲ, ಅದನ್ನು ಇನ್ನೂ ಯಾರೂ ಕೇಳಿಲ್ಲ ಅಷ್ಟೇ ಎನ್ನುತ್ತಿದ್ದರು. ಬೆಂಚಿನಲ್ಲಿ ಯಾರಿಗೂ ಇಷ್ಟು ಬಿಡಿಸಿ ಹೇಳಿದವರಲ್ಲ. ನಾನು ಅವರನ್ನು ತಯಾರು ಮಾಡುತ್ತಿದ್ದೇನೆ ಎಂದುಕೊಂಡು ಕೇಳಿಸಿಕೊಳ್ಳುತ್ತಿದ್ದೆ.

ನಿಧಾನವಾಗಿ ಅವರು ಮೊರ ಬಿಟ್ಟರು. ಮೊದಮೊದಲು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಗುರುತು ದಾಟುತ್ತಿದ್ದವರು, ಆಮೇಲೆ ಬೆರಳನ್ನೂ ಬಿಟ್ಟರು. ಫಲಿತಾಂಶ ಬಂದ ಕೂಡಲೇ, "ಹನ್ನೊಂದರಲ್ಲಿ ಎಫ್, ಮಿಕ್ಕಿದ್ದೆಲ್ಲ ಚುಕ್ಕೆ. ಕೆಳಗಿನ ಸಾಲಲ್ಲಿ ಮೊದಲ್ನೇದು ಯು" ಎಂದು ಹೇಳುತ್ತಿದ್ದರು. ನಾನು ನೋಡುತ್ತಿದ್ದೆ, ಸರಿಯಾಗಿಯೇ ಇರುತ್ತಿತ್ತು. ದಿನವೂ ಸರಿ. ಅತ್ತೆ ಒಬ್ಬಟ್ಟು ಮಾಡಿದರು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿದೆ, ಅವರಿಗೂ ಆಶ್ಚರ್ಯವಾಯಿತು, ಸಂತೋಷ ಎಂದರು. ನನಗೆ ಹೊಳೆಯಬೇಕಾಗಿತ್ತು. ಆಸೆ ಮುಂದೆ ಕೂತಿದ್ದಾಗ ಹೊಳೆಯುವುದಿಲ್ಲ.

ದೀಪಾವಳಿ ಕಳೆದ ಮೊದಲ ಸೋಮವಾರ ಇಬ್ಬರೂ ವ್ಯಾನಿನಲ್ಲಿ ಹೋದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ವ್ಯಾನಿನವರೆಲ್ಲ "ಅಣ್ಣ ಬಂದ್ರು" ಎಂದು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಫ್ಯಾಕ್ಟರಿಯಲ್ಲಿ ನಮ್ಮ ಪ್ಯಾಕಿಂಗಿನ ಹೆಂಗಸರು ಟೇಬಲ್ ಬಿಟ್ಟು ಬಂದು ಮಾತಾಡಿಸಿದರು. ನಮ್ಮವರು ತಮ್ಮ ಕುರ್ಚಿಯ ಎತ್ತರ ಸರಿಮಾಡಿಕೊಂಡು ಕೂತರು. ಮ್ಯಾನೇಜರು ಕಪಾಟಿನಿಂದ ಒಂದು ಸ್ವಿಚ್ಚು ತಂದು ಬೆಂಚಿನ ಮೇಲಿಟ್ಟು, "ಶುರು ಮಾಡಿ, ಏನೂ ಅವಸರ ಇಲ್ಲ" ಎಂದು ಪಕ್ಕದಲ್ಲಿ ನಿಂತರು. ನಾನು ಹಿಂದೆ ನಿಂತೆ. ಮಾತಾಡಬಾರದು ಎಂದು ನಮ್ಮವರು ನನಗೆ ಮೊದಲೇ ಹೇಳಿದ್ದರು.

ಬೆರಳುಗಳು ಓಡಿದವು. ಸ್ವಿಚ್ಚು ಹೂಂಗುಟ್ಟಿತು. ಪರೀಕ್ಷೆ ನಡೆಯುತ್ತಿರುವಾಗ ಅವರು ಕೈಕಟ್ಟಿ, ಒಂದು ಸಲ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮದುವೆಯಾದ ಹೊಸದರಲ್ಲಿ ಹಾಗೆ ಮಾಡುತ್ತಿದ್ದರು. ಫಲಿತಾಂಶ ಬಂತು.

"ಹನ್ನೊಂದರಲ್ಲಿ ಎಫ್" ಎಂದರು ಗಟ್ಟಿಯಾಗಿ. "ಮಿಕ್ಕಿದ್ದೆಲ್ಲ ಚುಕ್ಕೆ. ಕೆಳಗಿನ ಸಾಲಲ್ಲಿ ಮೊದಲ್ನೇದು ಯು."

ನಾನು ಪರದೆ ನೋಡಿದೆ. ಹನ್ನೊಂದರಲ್ಲಿ ಚುಕ್ಕೆ ಇತ್ತು. ಎಫ್ ಇದ್ದದ್ದು ಸಾಲಿನ ಕೊನೆಯ ಕಡೆ, ಎರಡು ಪೋರ್ಟುಗಳಲ್ಲಿ ಅಕ್ಕಪಕ್ಕ. ಯು ಎಲ್ಲೂ ಇರಲಿಲ್ಲ.

ಮ್ಯಾನೇಜರು ನನ್ನ ಮುಖ ನೋಡಿದರು. "ಇನ್ನೊಂದ್ಸಲ ನೋಡಿ ಹೇಳಿ" ಎಂದರು ಮೆಲ್ಲಗೆ. ನಮ್ಮವರು ಮತ್ತೆ ಅದನ್ನೇ ಹೇಳಿದರು, ಈ ಸಲ ಇನ್ನೂ ಧೈರ್ಯವಾಗಿ. ಆಗ ನನಗೆ ಅರ್ಥವಾಯಿತು. ಮನೆಯಲ್ಲಿದ್ದುದು ಒಂದೇ ಸ್ವಿಚ್ಚು. ಅದರ ಕೆಟ್ಟ ಪೋರ್ಟು ಒಂದೇ. ಎಷ್ಟು ಸಲ ಕೇಳಿದರೂ ಅದು ಹೇಳುತ್ತಿದ್ದ ಉತ್ತರ ಒಂದೇ. ಅಷ್ಟೂ ಸಂಜೆ ಅವರು ಓದಿರಲಿಲ್ಲ, ಬಾಯಿಪಾಠ ಒಪ್ಪಿಸಿದ್ದರು. ಮೋಸವಲ್ಲ, ಓದುತ್ತಿದ್ದೇನೆ ಎಂದೇ ನಂಬಿದ್ದರು. ನಾನೂ ನಂಬಿದ್ದೆ. ಇನ್ನೊಂದು ಸ್ವಿಚ್ಚು ತಂದು ನೋಡಬೇಕು ಎಂದು ಮೂವರಲ್ಲಿ ಒಬ್ಬರಿಗೂ ತೋಚಿರಲಿಲ್ಲ.

ನಮ್ಮವರು ತಿರುಗಿ ನನ್ನನ್ನು ನೋಡಿದರು. ನನಗೆ ಮುಖ ಬೇರೆ ಕಡೆ ಮಾಡುವಷ್ಟು ಹೊತ್ತೂ ಸಿಗಲಿಲ್ಲ.

"ಇದು ಬೇರೆ ಸ್ವಿಚ್ಚಲ್ವಾ" ಎಂದರು. ಕೇಳಿದ ಹಾಗಿರಲಿಲ್ಲ. ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಆಮೇಲೆ, "ಸಾರ್, ಸ್ವಲ್ಪ ಟೈಮ್ ಕೊಡ್ತೀರಾ?" ಎಂದರು.

ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಪರದೆಯ ಮೇಲೆ ಬೆರಳಿಟ್ಟು, ಮೊದಲ ಪೋರ್ಟಿನಿಂದ ಶುರುಮಾಡಿದರು. ಒಂದು ಗುರುತಿನ ಮೇಲೆ ಬೆರಳು, ಅದನ್ನು ತೊಡೆಯ ಮೇಲೆ ಬರೆದು ನೋಡುವುದು, ಮತ್ತೆ ಪರದೆ. "ಚುಕ್ಕೆ" ಎನ್ನುವುದು. ಮುಂದಿನದು. ಬಲಗಡೆ ಅರ್ಧ ಕಾಣದ್ದರಿಂದ ಸಾಲು ತಪ್ಪುತ್ತಿತ್ತು, ತಪ್ಪಿದರೆ ಮತ್ತೆ ಮೊದಲಿನಿಂದ. ಬೆವರು ಕಿವಿಯ ಹಿಂದಿನಿಂದ ಇಳಿದು ಇಸ್ತ್ರಿ ಅಂಗಿಯ ಕಾಲರನ್ನು ನೆನೆಸಿತು. ಪ್ಯಾಕಿಂಗಿನ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಟೇಬಲ್ಲಿಗೆ ಹೋದರು. ಟೇಪ್ ಎಳೆಯುವ ಸದ್ದನ್ನೂ ಮಾಡದೆ ಕೂತರು. ನನಗೆ ಎರಡು ಹೆಜ್ಜೆ ಮುಂದೆ ಹೋಗಿ ಕಿವಿಯಲ್ಲಿ ಹೇಳಿಬಿಡೋಣ ಎನಿಸುತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ಅವರು ನನ್ನನ್ನು ಕ್ಷಮಿಸುತ್ತಿರಲಿಲ್ಲ.

ಊಟದ ಬೆಲ್ಲು ಹೊಡೆದ ಮೇಲೆ ಆ ಕೊನೆಯ ಎರಡು ಗುರುತುಗಳ ಹತ್ತಿರ ಬಂದರು. ತೊಡೆಯ ಮೇಲೆ ಬರೆದು ನೋಡಿದರು. ಇನ್ನೊಂದು ಸಲ ಬರೆದು ನೋಡಿದರು. "ಎಫ್" ಎಂದರು. "ಪಕ್ಕದ್ದೂ ಎಫ್."

"ಕರೆಕ್ಟ್" ಎಂದರು ಮ್ಯಾನೇಜರು. "ಪೂರ್ತಿ ಕರೆಕ್ಟಾಗಿ ಹೇಳಿದ್ರಿ."

ನಮ್ಮವರು ಹಿಂದಕ್ಕೊರಗಿ, ಕಪಾಟಿನ ಕಡೆ ನೋಡಿದರು. ದೊಡ್ಡ ಲಾಟ್ ಬಂದಿತ್ತು. ನೆಲದಿಂದ ತಾರಸಿಯವರೆಗೆ ಸ್ವಿಚ್ಚುಗಳು ತುಂಬಿದ್ದವು. "ಮೊದ್ಲಾಗಿದ್ರೆ ಇಷ್ಟೊತ್ತಿಗೆ ಒಂದು ಸಾಲು ಮುಗಿಸಿರ್ತಿದ್ದೆ ಸಾರ್" ಎಂದರು.

ಮ್ಯಾನೇಜರು ನನ್ನನ್ನು ಸ್ವಲ್ಪ ದೂರ ಕರೆದುಕೊಂಡು ಹೋದರು. "ನೋಡಮ್ಮ, ತಪ್ಪು ತಿಳ್ಕೋಬೇಡಿ. ಹೊರಗಿನವ್ರನ್ನ ಯಾಕೆ ಕರೀಲಿ? ಮನೇಲಿ ದಿನಾ ಪಕ್ಕದಲ್ಲಿ ಕೂತು ಎಲ್ಲಾ ನಿಮಗೇ ಗೊತ್ತಾಗಿದೆ. ಬೆಂಚಲ್ಲಿ ನೀವೇ ಕೂತ್ಕೊಳ್ಳಿ. ಅವರಿಗೆ ಸ್ಟೋರಲ್ಲಿ ಏನಾದ್ರೂ ನೋಡ್ತೀನಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಗಂಡನ ಮುಂದಿರೋ ತಟ್ಟೆ ಎಳ್ಕೊಳ್ಳೋಕೆ ಇಷ್ಟು ದಿನ ಪಕ್ಕದಲ್ಲಿ ಕೂತಿದ್ನಾ ನಾನು? ಅವ್ರು ಕೂರೋದಾದ್ರೆ ಕೂರ್ತಾರೆ. ಇಲ್ಲಾಂದ್ರೆ ನಾನು ಕೂರಲ್ಲ, ಬೇರೆ ಯಾರನ್ನಾದ್ರೂ ಕರ್ಕೊಳ್ಳಿ" ಎಂದೆ. ದನಿ ಏರಿತ್ತು, ಬೆಂಚಿನವರೆಗೂ ಕೇಳಿಸಿರಬೇಕು. ಮ್ಯಾನೇಜರು ಕೈ ಎತ್ತಿ, ಆಯಿತು, ಆಯಿತು ಎಂದು ಹೊರಗೆ ಹೋದರು.

ನಾನು ತಿರುಗಿ ಬಂದಾಗ ನಮ್ಮವರು ಸ್ವಿಚ್ಚನ್ನು ಆಫ್ ಮಾಡಿ, ಆರಲು ಬಿಟ್ಟು, ಮತ್ತೊಮ್ಮೆ ಪರೀಕ್ಷೆ ಓಡಿಸಿ ಮುಗಿಸಿದ್ದರು. ಅಷ್ಟು ಹೊತ್ತು ನಾನು ಪ್ಯಾಕಿಂಗಿನ ಹೆಂಗಸರ ಮಧ್ಯೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆ. "ಆ ಎರಡೂ ಮತ್ತೆ ಎಫೇನಾ?" ಎಂದು ನನ್ನನ್ನು ಕೇಳಿದರು. ನಾನು ನೋಡಿ ಹೌದು ಎಂದೆ. ಕೇಳಿದರಲ್ಲ ಎಂದು ಒಳಗೆ ಚುರ್ ಎಂದಿತು. ಬೆಳಗ್ಗೆಯಿಂದ ಅವರು ನನ್ನನ್ನು ಏನೂ ಕೇಳಿರಲಿಲ್ಲ.

ರಿಪೋರ್ಟು ತೆರೆದು ಟೈಪ್ ಮಾಡತೊಡಗಿದರು. ನಂಬರನ್ನು ಸ್ಕ್ಯಾನರಿನಿಂದ ಓದಿಸಿದರು. ಯಾವ ಪೋರ್ಟುಗಳು ಹೋಗಿವೆ, ಎಷ್ಟು ಸಲ ನೋಡಲಾಯಿತು, ಏನು ಮಾಡಬೇಕು, ಎಲ್ಲ ಸರಸರನೆ. ಕೊನೆಯಲ್ಲಿ ಪರೀಕ್ಷೆ ಮಾಡಿದವರ ಹೆಸರು ಹಾಕುವ ಜಾಗವಿರುತ್ತದೆ. ಅಲ್ಲಿ ಅವರ ಕೈ ಸ್ವಲ್ಪ ನಿಂತಿತು. ಆಮೇಲೆ ಹೆಸರು ಟೈಪ್ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ಓದು, ಸರಿಯಾಗಿದ್ಯಾ ನೋಡ್ತೀನಿ" ಎಂದರು.

ನಾನು ಮೊದಲಿನಿಂದ ಓದಿದೆ. ಹೆಸರಿನ ಹತ್ತಿರ ಬಂದಾಗ ನಿಂತೆ. ಅಲ್ಲಿ ನನ್ನ ಹೆಸರಿತ್ತು.

ಗಂಡನ ಹೆಸರನ್ನು ನಮ್ಮ ಕಡೆ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ಹೆಂಗಸರ ಕಾಟಕ್ಕೆ ಒಂದು ಸಲ ಒಗಟಿನಲ್ಲಿ ಸೇರಿಸಿ ಹೇಳಿದ್ದೆ. ಆಸ್ಪತ್ರೆಯಲ್ಲಿ ಕೇಳಿದಾಗಲೂ ಕಾರ್ಡು ತೋರಿಸಿದ್ದೆನೇ ಹೊರತು ಹೇಳಿರಲಿಲ್ಲ. ಆ ಮಧ್ಯಾಹ್ನ, ಪರದೆಯ ಮೇಲೆ ನನ್ನ ಹೆಸರನ್ನು ನೋಡುತ್ತ, ನಾನು ಅವರ ಹೆಸರನ್ನು ಗಟ್ಟಿಯಾಗಿ ಓದಿದೆ.

ಅವರು ನಗುವುದಕ್ಕೆ ನೋಡಿದರು, ಆಗಲಿಲ್ಲ. ಕಣ್ಣು ತುಂಬಿತ್ತು.

"ಓದೋಕೆ ಬರಲ್ಲ ಕಣೇ" ಎಂದರು. "ನಾನೇನ್ ಬರ್ದೆ ಅನ್ನೋದು ನನಗೆ ಗೊತ್ತಿರುತ್ತೆ. ಸರಿಯಾಗಿ ಓದು."

ನಾನು ನನ್ನ ಹೆಸರನ್ನು ಓದಿದೆ. ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು.